ಕೊಬ್ಬರಿ ಒಣಗಿಸಲು ವಿದ್ಯುತ್: ಅಡ್ಡಿಗಳೇನು, ದಾರಿ ಯಾವುದು?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೆಂಗಿನ ತೋಟದ ಮನೆಗಳಲ್ಲಿ ಅಟ್ಟವೊಂದು ಇದ್ದೇ ಇರುತ್ತದೆ. ಬಲಿತ ಕಾಯಿಯನ್ನು ಮಟ್ಟೆ ಸಮೇತ ಅಟ್ಟಕ್ಕೆ ಹಾಕಿ ಎಂಟರಿಂದ ಹನ್ನೆರಡು ತಿಂಗಳು ಕಾದರೆ ಒಳಗಿನ ನೀರು ತಾನಾಗಿಯೇ ಇಂಗುತ್ತದೆ. ತಿರುಳು ಚಿಪ್ಪನ್ನು ಬಿಟ್ಟುಕೊಂಡು ಉಂಡೆಯಾಗುತ್ತದೆ. ತಿಪಟೂರಿನ ಮಾರುಕಟ್ಟೆಗೆ ಹೆಸರು ತಂದ ಉಂಡೆ ಕೊಬ್ಬರಿ ಹೀಗೆ ಕಾಲದಿಂದ ಒಣಗಿದ್ದೇ ಹೊರತು ಬೆಂಕಿಯಿಂದ ಒಣಗಿದ್ದಲ್ಲ. ಅದಕ್ಕೆ ಬೇಕಾದದ್ದು ಗಾಳಿ, ನೆರಳು, ಸೂರು ಮತ್ತು ಬೆಳೆಗಾರನ ತಾಳ್ಮೆ.

ಆದರೆ ಇದೇ ಸೀಮೆಯಲ್ಲಿ ಅವಸರದ ಕೆಲಸಗಳೂ ಇವೆ. ತೆಂಗಿನ ಪುಡಿ ತಯಾರಿಸುವ ಕಾರ್ಖಾನೆಗಳಲ್ಲಿ ಬೆಳಿಗ್ಗೆ ಒಡೆದ ಕಾಯಿ ಅಂದೇ ಒಣಗಿ ಚೀಲ ಸೇರಬೇಕು. ಎಣ್ಣೆಗೆ ಹೋಗುವ ಹೋಳು ಕೊಬ್ಬರಿ ಮೋಡ ಕವಿದ ದಿನಗಳಲ್ಲಿ ಕಣದಲ್ಲಿ ಕುಳಿತರೆ ಬೂಸಲು ಹಿಡಿಯುತ್ತದೆ. ಅಡಿಕೆ ಸುಗ್ಗಿ ಬಂದರೆ ಸುಲಿದ ಹಸಿ ಅಡಿಕೆಯನ್ನು ಆ ದಿನವೇ ಹಂಡೆಗೆ ಹಾಕಿ ಬೇಯಿಸಬೇಕು. ಈ ಎಲ್ಲ ಕೆಲಸಕ್ಕೂ ಶಾಖ ಬೇಕು. ಆ ಶಾಖ ಇಂದಿಗೂ ಬಹುಮಟ್ಟಿಗೆ ಚಿಪ್ಪಿನಿಂದ ಮತ್ತು ಸೌದೆಯಿಂದ ಬರುತ್ತಿದೆ.

ನಮ್ಮ ಪತ್ರಿಕೆಯ ಓದುಗರಲ್ಲಿ ಕಾಫಿ ಬೆಳೆಗಾರರೂ ಇದ್ದಾರೆ. ಕೊಯ್ಲಿನ ಕಾಲಕ್ಕೆ ಸರಿಯಾಗಿ ಬೀಳುವ ಅಕಾಲ ಮಳೆಯಿಂದ ಕಣದ ಮೇಲಿನ ಕಾಫಿ ಕೆಡುವುದನ್ನು ಅವರು ಬಲ್ಲರು. ಆದುದರಿಂದ ತೆಂಗಿನ ಸೀಮೆಯ ಈ ಪ್ರಶ್ನೆ ಮಲೆನಾಡಿನ ಪ್ರಶ್ನೆಯೂ ಹೌದು. ಕಂಬದಲ್ಲಿ ಕರೆಂಟು ಇದೆ. ಅದರಿಂದ ಬೆಳಕು ಬಂತು, ನೀರು ಬಂತು. ಶಾಖ ಮಾತ್ರ ಏಕೆ ಬರಲಿಲ್ಲ?

ನಾವು ಮಾಡಿದ ತಪ್ಪು

ಅನ್ಯರಿಗೆ ಹೇಳುವ ಮುನ್ನ ನಮ್ಮ ಲೆಕ್ಕವನ್ನು ಒಪ್ಪಿಸುವುದು ನ್ಯಾಯ. ಹತ್ತು ಹನ್ನೆರಡು ವರ್ಷಗಳ ಹಿಂದೆ ನಾವು ಉತ್ಸಾಹದಿಂದ ಒಂದು ವಿದ್ಯುತ್ ಡ್ರೈಯರ್ ಕೊಳ್ಳಲು ಕಾರಣರಾದೆವು. ಒಳಗೆ 24 ಕಿಲೋವ್ಯಾಟ್‌ನ ಕಾಯಿಲ್, ಮೇಲೊಂದು ಫ್ಯಾನು. ಒಂದು ಟನ್ ಹಸಿ ಹೋಳು ಹಾಕಿದರೆ ಬೆಳಗಾಗುವಷ್ಟರಲ್ಲಿ ಕೊಬ್ಬರಿ ಎಂದರು. ನಾವು ನಂಬಿದೆವು. ಮೊದಲ ಸಲ ತುಂಬಿದ ಹೋಳು ಮೂರನೆಯ ದಿನಕ್ಕೆ ಲೋಳೆ ಹಿಡಿದು ವಾಸನೆ ಬಂತು. ಕಾಯಿ ಕೊಟ್ಟ ಸದಸ್ಯರು ನಮ್ಮ ಮೇಲೆ ಕೂಗಾಡಲಿಲ್ಲ. ಏನೂ ಮಾತನಾಡದೆ ಬಾಗಿಲಲ್ಲಿ ನಿಂತು ನೋಡಿ ಹೋದರು. ಅದು ಇನ್ನೂ ಕಷ್ಟವಾಗಿತ್ತು.

ಆಗ ಮಾಡದ ಲೆಕ್ಕವನ್ನು ಆಮೇಲೆ ಮಾಡಿದೆವು. ಹಸಿ ತಿರುಳಿನಲ್ಲಿ ಸುಮಾರು ಅರ್ಧದಷ್ಟು ನೀರೇ ಇರುತ್ತದೆ. 1,000 ಕೆ.ಜಿ. ತಿರುಳನ್ನು ಶೇಕಡಾ 6ರ ತೇವಕ್ಕೆ ತರಬೇಕಾದರೆ ಸುಮಾರು 470 ಕೆ.ಜಿ. ನೀರು ಆವಿಯಾಗಬೇಕು. ಒಂದು ಕೆ.ಜಿ. ನೀರು ಆವಿಯಾಗಲು ಸುಮಾರು 0.66 ಯೂನಿಟ್ ಶಾಖ ಬೇಕು. ಅಂದರೆ ಒಂದಿಷ್ಟೂ ಶಾಖ ಪೋಲಾಗದಿದ್ದರೂ 310 ಯೂನಿಟ್. ನಮ್ಮ ಡ್ರೈಯರ್ ಇದ್ದ ಕಡೆ ಮೂರು ಫೇಸ್ ವಿದ್ಯುತ್ ಬರುತ್ತಿದ್ದುದು ದಿನಕ್ಕೆ ಏಳು ಗಂಟೆ. 24 ಕಿಲೋವ್ಯಾಟ್ ಏಳು ಗಂಟೆ ನಡೆದರೆ 168 ಯೂನಿಟ್. ಬೇಕಾದುದರಲ್ಲಿ ಅರ್ಧವನ್ನು ಸ್ವಲ್ಪ ಮಾತ್ರ ಮೀರಿದ್ದು. ಅದರಲ್ಲೂ ಒಂದು ಪಾಲು ಗೋಡೆ, ಬಾಗಿಲ ಸಂದುಗಳಲ್ಲಿ ಹೊರಗೆ ಹೋಗುತ್ತದೆ. ಕೊಬ್ಬರಿ ಕೆಡದೆ ಇನ್ನೇನಾದೀತು? ತಪ್ಪು ವಿದ್ಯುತ್ತಿನದಲ್ಲ, ಲೆಕ್ಕ ಹಾಕದ ನಮ್ಮದು.

ಮೋಟಾರು ಬಂತು, ಶಾಖ ಬರಲಿಲ್ಲ

ನಮ್ಮ ರಾಜ್ಯಕ್ಕೆ ವಿದ್ಯುತ್ತು ಹೊಸದಲ್ಲ. 1902ರಲ್ಲಿಯೇ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹೋಯಿತು. ಅನಂತರ ಹಳ್ಳಿಗಳಿಗೆ ಬಂದಾಗ ಕಪಿಲೆಯೂ ಏತವೂ ಮೂಲೆ ಸೇರಿದವು. ಡೀಸೆಲ್ ಎಂಜಿನ್ನು ಕೆಲಕಾಲ ಇದ್ದು ಪಂಪ್‌ಸೆಟ್ಟಿಗೆ ಜಾಗ ಬಿಟ್ಟಿತು. ಅಡಿಕೆ ಸುಲಿಯುವ ಯಂತ್ರವೂ ಆಳು ಸಿಗದ ಕಾಲದಲ್ಲಿ ಬೇಗ ಮನೆಮನೆ ಸೇರಿತು. ಕಾರಣ ಸರಳ. ಮೋಟಾರು ಬಂದರೆ ಎತ್ತಿನ, ಆಳಿನ ದುಬಾರಿ ಶ್ರಮ ಉಳಿಯುತ್ತದೆ. ಶಾಖದ ಯಂತ್ರ ಬಂದರೆ ಉಳಿಯುವುದು ಚಿಪ್ಪು, ಸೌದೆ. ಅವು ನಮ್ಮ ತೋಟದಲ್ಲೇ ಬಿದ್ದಿರುತ್ತವೆ. ದುಡ್ಡು ಕೊಟ್ಟು ತಂದದ್ದಲ್ಲವಾದ್ದರಿಂದ ಅವಕ್ಕೆ ಬೆಲೆಯೇ ಇಲ್ಲವೆಂದು ಭಾವಿಸುತ್ತೇವೆ.

ಈ ಭಾವನೆಯೇ ಮೊದಲನೆಯ ಅಡ್ಡಿ. ತೆಂಗಿನ ಚಿಪ್ಪಿನ ಇದ್ದಿಲಿನಿಂದ ಆಕ್ಟಿವೇಟೆಡ್ ಕಾರ್ಬನ್ ಎಂಬ ವಸ್ತು ತಯಾರಾಗುತ್ತದೆ. ನೀರು ಶುದ್ಧಿ ಮಾಡುವ ಫಿಲ್ಟರುಗಳಿಗೂ, ಚಿನ್ನದ ಅದಿರಿನಿಂದ ಚಿನ್ನ ಬೇರ್ಪಡಿಸುವುದಕ್ಕೂ ಅದು ಬೇಕು. ಆದುದರಿಂದ ಚಿಪ್ಪು ಇಂದು ಮಾರಾಟದ ಸರಕು. ಬಾಯ್ಲರಿನ ಬಾಯಿಗೆ ಒಂದು ಬುಟ್ಟಿ ಚಿಪ್ಪು ಎಸೆಯುವವನು ಒಂದು ಬುಟ್ಟಿ ಸರಕನ್ನು ಸುಡುತ್ತಿದ್ದಾನೆ.

ಶಾಖದ ಪಂಪು

ವಿದ್ಯುತ್ತಿನಿಂದ ಶಾಖ ಪಡೆಯಲು ಎರಡು ಮಾರ್ಗಗಳಿವೆ. ಒಂದು, ನಾವು ಕೈಸುಟ್ಟುಕೊಂಡ ಕಾಯಿಲ್. ಅದರಲ್ಲಿ ಒಂದು ಯೂನಿಟ್ ವಿದ್ಯುತ್ತಿಗೆ ಒಂದೇ ಯೂನಿಟ್ ಶಾಖ. ಇನ್ನೊಂದು, ಹೀಟ್ ಪಂಪ್ ಎಂದು ಕರೆಯುವ ಶಾಖದ ಪಂಪು. ಇದು ಶಾಖವನ್ನು ಹುಟ್ಟಿಸುವುದಿಲ್ಲ. ಇರುವ ಶಾಖವನ್ನು ಎತ್ತಿ ಕೊಡುತ್ತದೆ. ಬಾವಿಯ ಪಂಪು ನೀರನ್ನು ಸೃಷ್ಟಿಸದೆ ಕೆಳಗಿನಿಂದ ಮೇಲಕ್ಕೆ ಎತ್ತುವಂತೆ, ಇದು ತಣ್ಣನೆಯ ಕಡೆಯಿಂದ ಶಾಖವನ್ನು ಬಿಸಿಯ ಕಡೆಗೆ ಎತ್ತುತ್ತದೆ. ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು ಮೂರು ಯೂನಿಟ್ ಶಾಖ ದೊರೆಯುತ್ತದೆ.

ಇದು ಅಪರಿಚಿತ ಯಂತ್ರವೂ ಅಲ್ಲ. ಹಳ್ಳಿಯ ಹಾಲಿನ ಸಂಘದಲ್ಲಿರುವ ಶೀತಲೀಕರಣ ಟ್ಯಾಂಕು ಕರೆದ ಹಾಲಿನ ಬಿಸಿಯನ್ನು ಹೀರಿ 4 ಡಿಗ್ರಿಗೆ ಇಳಿಸುತ್ತದೆ. ಆ ಬಿಸಿ ಹೋಗುವುದೆಲ್ಲಿಗೆ? ಹಿಂಬದಿಯ ಫ್ಯಾನಿನ ಮುಂದೆ ಕೈ ಹಿಡಿದರೆ ತಿಳಿಯುತ್ತದೆ. ಅದೇ ಕಂಪ್ರೆಸರು, ಅದೇ ಕೊಳವೆ, ಅದೇ ಅನಿಲ. ಅಲ್ಲಿ ತಂಪನ್ನು ಇಟ್ಟುಕೊಂಡು ಬಿಸಿಯನ್ನು ಬಿಸಾಡುತ್ತೇವೆ. ಇಲ್ಲಿ ಬಿಸಿಯನ್ನು ಇಟ್ಟುಕೊಳ್ಳುತ್ತೇವೆ. ಇತಿಹಾಸ ನೋಡಿದರೂ ಇದು ಕೈಗಾರಿಕೆಯ ಶಾಖಕ್ಕಾಗಿಯೇ ಹುಟ್ಟಿದ ವಿದ್ಯೆ. 1850ರ ದಶಕದಲ್ಲಿ ಆಸ್ಟ್ರಿಯಾ ದೇಶದ ಎಬೆನ್‌ಸೀ ಎಂಬ ಉಪ್ಪಿನ ಕಾರ್ಖಾನೆಯಲ್ಲಿ ಪೀಟರ್ ರಿಟಿಂಗರ್ ಎಂಬ ಎಂಜಿನಿಯರು ಉಪ್ಪುನೀರು ಬತ್ತಿಸುವ ಸೌದೆ ಉಳಿಸಲು, ನೀರಿನ ಬಲದಿಂದ ಆವಿಯನ್ನು ಅದುಮಿ ಅದರ ಶಾಖವನ್ನೇ ಮತ್ತೆ ಬಳಸುವ ಪ್ರಯೋಗ ನಡೆಸಿದನು.

ಒಣಗಿಸುವ ಕೆಲಸಕ್ಕೆ ಈ ಪಂಪು ಇನ್ನೊಂದು ರೀತಿಯಲ್ಲಿಯೂ ಒಗ್ಗುತ್ತದೆ. ಡ್ರೈಯರಿನಿಂದ ಹೊರಬರುವ ತೇವದ ಗಾಳಿಯನ್ನು ತಣ್ಣನೆಯ ಕೊಳವೆಗಳ ಮೇಲೆ ಹಾಯಿಸಿದರೆ ಆವಿ ನೀರಾಗಿ ಇಳಿಯುತ್ತದೆ. ಅದು ಬಿಟ್ಟುಕೊಟ್ಟ ಶಾಖ ಮತ್ತೆ ಒಳಗಿನ ಗಾಳಿಯನ್ನು ಬಿಸಿ ಮಾಡುತ್ತದೆ. ಮಳೆಗಾಲದ ಗಾಳಿಯಲ್ಲಿಯೂ ಕೆಲಸ ನಿಲ್ಲುವುದಿಲ್ಲ.

ಒಂದು ಮಿತಿ ಮಾತ್ರ ನೆನಪಿರಲಿ. ಕೊಳವೆಬಾವಿ ಆಳವಾದಷ್ಟು ಪಂಪಿಗೆ ಶ್ರಮ ಹೆಚ್ಚು ಎಂಬುದು ನಮ್ಮ ಚಿಕ್ಕನಾಯಕನಹಳ್ಳಿಯ ರೈತರಿಗೆ ಯಾರೂ ಕಲಿಸಬೇಕಾಗಿಲ್ಲ. ಶಾಖದ ಪಂಪಿಗೂ ಅದೇ ನಿಯಮ. 60 ಡಿಗ್ರಿಯವರೆಗೆ ಎತ್ತುವುದು ಸುಲಭ. 80 ಡಿಗ್ರಿ ದಾಟಿದಂತೆ ಮೂರಕ್ಕೊಂದು ಎಂಬ ಲಾಭ ಕುಗ್ಗುತ್ತದೆ. ಹಬೆ ಬೇಕೆಂದರೆ ಯಂತ್ರ ದುಬಾರಿ. ಹೋಳು ಕೊಬ್ಬರಿ ಮತ್ತು ಕಾಫಿ ಒಣಗಿಸುವುದು ಈ ಸುಲಭದ ಮಿತಿಯೊಳಗಿದೆ. ತೆಂಗಿನ ಪುಡಿಯ ಡ್ರೈಯರ್ ಅಂಚಿನಲ್ಲಿದೆ. ಪುಡಿಗೆ ಮುಂಚಿನ ತಿರುಳನ್ನು ಹಬೆಯಲ್ಲಿ ಶುದ್ಧಿ ಮಾಡುವುದು, ಅಡಿಕೆ ಬೇಯಿಸುವುದು ಮಿತಿಯ ಹೊರಗಿವೆ.

ಒಂದು ಕೆ.ಜಿ. ಚಿಪ್ಪು, ಒಂದು ಯೂನಿಟ್ ವಿದ್ಯುತ್

ಎರಡನೆಯ ಅಡ್ಡಿ ದರದ್ದು. ಇದನ್ನು ಲೆಕ್ಕದಿಂದಲೇ ನೋಡೋಣ. ಒಂದು ಕೆ.ಜಿ. ಒಣ ಚಿಪ್ಪಿನಲ್ಲಿ ಸುಮಾರು 4,600 ಕಿಲೋಕ್ಯಾಲರಿ ಶಾಖವಿದೆ ಎಂದು ಹಿಡಿಯೋಣ. ಬಾಯ್ಲರು ಅದರಲ್ಲಿ ಶೇಕಡಾ 60ನ್ನು ಕೆಲಸಕ್ಕೆ ಕೊಟ್ಟರೆ 2,760 ಕಿಲೋಕ್ಯಾಲರಿ ದಕ್ಕಿತು. ಒಂದು ಯೂನಿಟ್ ವಿದ್ಯುತ್ತು ಎಂದರೆ 860 ಕಿಲೋಕ್ಯಾಲರಿ. ಆದುದರಿಂದ ಒಂದು ಕೆ.ಜಿ. ಚಿಪ್ಪು 3.2 ಯೂನಿಟ್ ಶಾಖಕ್ಕೆ ಸಮ. ಕಾಯಿಲಿನಲ್ಲಿ ಇದಕ್ಕೆ 3.2 ಯೂನಿಟ್ ವಿದ್ಯುತ್ತು ಬೇಕು. ಮೂರರ ಲಾಭವಿರುವ ಶಾಖದ ಪಂಪಿನಲ್ಲಿ ಒಂದು ಯೂನಿಟ್ಟಿಗಿಂತ ಚೂರು ಹೆಚ್ಚು ಸಾಕು.

ವಿದ್ಯುತ್ ದರ ಯೂನಿಟ್ಟಿಗೆ 7 ರೂಪಾಯಿ ಎಂದು ಲೆಕ್ಕದ ಸಲುವಾಗಿ ಇಟ್ಟುಕೊಂಡರೆ, ಚಿಪ್ಪಿನ ಬೆಲೆ ಕೆ.ಜಿ.ಗೆ 22 ರೂಪಾಯಿ ದಾಟುವವರೆಗೂ ಕಾಯಿಲ್ ನಷ್ಟವೇ. ಶಾಖದ ಪಂಪಾದರೆ ಏಳೂವರೆ ರೂಪಾಯಿ ದಾಟಿದೊಡನೆ ಚಿಪ್ಪನ್ನು ಮಾರಿ ವಿದ್ಯುತ್ತು ಕೊಳ್ಳುವುದು ಮೇಲು. ಹೀಗಾಗಿ ನಮ್ಮ ಸದಸ್ಯರು ಒಂದು ಸೂತ್ರವನ್ನು ನೆನಪಿನಲ್ಲಿ ಇಟ್ಟುಕೊಂಡರೆ ಸಾಕು: ಒಂದು ಕೆ.ಜಿ. ಚಿಪ್ಪಿನ ಬೆಲೆಯನ್ನು ಒಂದು ಯೂನಿಟ್ ವಿದ್ಯುತ್ತಿನ ಬೆಲೆಯೊಡನೆ ಹೋಲಿಸಿ ನೋಡಿ. ಚಿಪ್ಪಿನ ದರ ಏರುತ್ತಿಳಿಯುತ್ತಿರುತ್ತದೆ, ಸೂತ್ರ ಬದಲಾಗುವುದಿಲ್ಲ. ಇದರ ಮೇಲೆ ಯಂತ್ರದ ಸಾಲದ ಕಂತು, ಬಡ್ಡಿ ಕೂಡಿಸಬೇಕು. ಬಾಯ್ಲರಿನ ಆಳಿನ ಕೂಲಿ, ಬೂದಿ ಸಾಗಿಸುವ ಖರ್ಚು ಕಳೆಯಬೇಕು.

ತಂತಿ, ಹೊತ್ತು ಮತ್ತು ನಿಗದಿತ ಶುಲ್ಕ

ಮೂರನೆಯ ಅಡ್ಡಿ ತಂತಿಯದು. ನೀರಾವರಿ ಪಂಪುಗಳಿಗೆ ಕೊಡುವ ವಿದ್ಯುತ್ತನ್ನು ಒಣಗಿಸುವ ಯಂತ್ರಕ್ಕೆ ಎಳೆಯುವುದು ನಿಯಮಕ್ಕೆ ವಿರುದ್ಧ. ಅದಕ್ಕೆ ಬೇರೆ ಮೀಟರು, ಬೇರೆ ಮಂಜೂರಾತಿ ಬೇಕು. ಲೋಡು ಹೆಚ್ಚಾದರೆ ಟ್ರಾನ್ಸ್‌ಫಾರ್ಮರಿನ ಪ್ರಶ್ನೆ ಬರುತ್ತದೆ. ಇಲ್ಲಿಯೂ ಶಾಖದ ಪಂಪಿನದೇ ಮೇಲುಗೈ. 24 ಕಿಲೋವ್ಯಾಟ್ ಕಾಯಿಲ್ ಮಾಡುವ ಕೆಲಸಕ್ಕೆ ಅದು ಎಳೆಯುವುದು ಸುಮಾರು 8 ಕಿಲೋವ್ಯಾಟ್.

ನಾಲ್ಕನೆಯದು ನಿಗದಿತ ಶುಲ್ಕ. ಮಂಜೂರಾದ ಲೋಡಿಗೆ ತಿಂಗಳು ತಿಂಗಳೂ ಹಣ ಕಟ್ಟಬೇಕು, ಯಂತ್ರ ತಿರುಗಲಿ ಬಿಡಲಿ. ವರ್ಷಕ್ಕೆ ಮೂರು ತಿಂಗಳು ಮಾತ್ರ ಯಂತ್ರ ನಡೆಸುವ ಒಬ್ಬ ಬೆಳೆಗಾರನಿಗೆ ಈ ಶುಲ್ಕ ನಾಲ್ಕು ಪಟ್ಟಾದಂತೆ. ನಮ್ಮ ಹಳೆಯ ಡ್ರೈಯರ್ ಮೂಲೆ ಸೇರಿದ ಮೇಲೂ ಕೆಲವು ತಿಂಗಳು ಬಿಲ್ಲು ಬರುತ್ತಲೇ ಇತ್ತು.

ಸಹಕಾರದ ಅರ್ಥ ತಿಳಿಯುವುದು ಇಲ್ಲಿಯೇ. ಅರೇಬಿಕಾ ಕಾಫಿ ನವೆಂಬರಿನಿಂದ ಜನವರಿಯವರೆಗೆ, ರೊಬಸ್ಟಾ ಅದರ ಹಿಂದೆಯೇ ಬರುತ್ತದೆ. ತೆಂಗಿನ ಕಾಯಿ ವರ್ಷವಿಡೀ ಇಳಿಯುತ್ತದೆ. ಜೂನಿನಿಂದ ಮುಂದಕ್ಕೆ ಮೋಡದ ದಿನಗಳಲ್ಲಿ ಹೋಳು ಕೊಬ್ಬರಿಗೆ ಯಂತ್ರ ಬೇಕು. ಅಡಿಕೆ ಸುಗ್ಗಿ ಮಳೆಗಾಲ ಮುಗಿಯುವ ಹೊತ್ತಿಗೆ ಶುರುವಾಗುತ್ತದೆ. ಒಬ್ಬನ ಯಂತ್ರ ಒಂಬತ್ತು ತಿಂಗಳು ಸುಮ್ಮನೆ ನಿಂತರೆ ಸಂಘದ ಯಂತ್ರ ಹತ್ತು ತಿಂಗಳು ದುಡಿಯಬಲ್ಲದು. ಯಂತ್ರ ಬದಲಾಗದಿದ್ದರೂ ಒಡೆತನ ಬದಲಾದರೆ ಲೆಕ್ಕ ಬದಲಾಗುತ್ತದೆ.

ಹೊತ್ತಿನ ವಿಚಾರವೂ ನಮ್ಮ ಕಡೆಗೆ ತಿರುಗುತ್ತಿದೆ. ನಮ್ಮದೇ ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ಪಾರ್ಕು 2019ರಲ್ಲಿ ಪೂರ್ಣಗೊಂಡಿತು. ಹಗಲು ಹೊತ್ತು ವಿದ್ಯುತ್ತು ಯಥೇಚ್ಛ, ಸಂಜೆ ಅಭಾವ. ಇದನ್ನರಿತು ಕೇಂದ್ರ ಸರ್ಕಾರ 2023ರಲ್ಲಿ ನಿಯಮ ತಿದ್ದಿ, 10 ಕಿಲೋವ್ಯಾಟಿಗೆ ಮೀರಿದ ಬೇಡಿಕೆಯುಳ್ಳ ಕೈಗಾರಿಕೆ ಮತ್ತು ವಾಣಿಜ್ಯ ಗ್ರಾಹಕರಿಗೆ 2024ರ ಏಪ್ರಿಲ್ 1ರಿಂದ ಹಗಲಿನ ಬಿಸಿಲ ಹೊತ್ತಿನಲ್ಲಿ ದರ ಕಡಿಮೆ, ಬೇಡಿಕೆಯ ಹೊತ್ತಿನಲ್ಲಿ ದರ ಹೆಚ್ಚು ಇರಬೇಕೆಂದು ಸೂಚಿಸಿತು. ಒಣಗಿಸುವವನಿಗೆ ಇದು ವರ. ದೀಪವನ್ನು ಸಂಜೆಯೇ ಹಚ್ಚಬೇಕು. ಕೊಬ್ಬರಿಯನ್ನು ಹಗಲಿನಲ್ಲಿಯೇ ಒಣಗಿಸಬಹುದು. ಕರೆಂಟು ಹೋದರೆ ಹೇಗೆ ಎಂಬುದಕ್ಕೂ ಉತ್ತರವಿದೆ. ಹೊದಿಕೆ ಹಾಕಿದ 1,000 ಲೀಟರಿನ ನೀರಿನ ಟ್ಯಾಂಕನ್ನು 30ರಿಂದ 80 ಡಿಗ್ರಿಗೆ ಬಿಸಿ ಮಾಡಿಟ್ಟರೆ ಅದರಲ್ಲಿ 58 ಯೂನಿಟ್ಟಿನಷ್ಟು ಶಾಖ ಕೂಡಿಟ್ಟಂತಾಯಿತು. ಶಾಖವನ್ನು ಕೂಡಿಡಲು ದುಬಾರಿ ಬ್ಯಾಟರಿಯೇ ಬೇಕೆಂದಿಲ್ಲ.

ಅಡಿಕೆ ಒಲೆಯ ವಿಚಾರ

ಅಡಿಕೆ ಬೇಯಿಸುವವರಿಗೆ ನಮ್ಮ ಸಲಹೆ ಬೇರೆ. 100 ಲೀಟರ್ ಚೊಗರನ್ನು 25 ಡಿಗ್ರಿಯಿಂದ ಕುದಿಗೆ ತರಲು ಸುಮಾರು 7,500 ಕಿಲೋಕ್ಯಾಲರಿ ಸಾಕು. ತೆರೆದ ಒಲೆಯಲ್ಲಿ ಸೌದೆಯ ಶಾಖದಲ್ಲಿ ಶೇಕಡಾ 15 ಹಂಡೆಗೆ ಸೇರುತ್ತದೆಂದು ಹಿಡಿದರೆ 14 ಕೆ.ಜಿ. ಸೌದೆ ಬೇಕು. ಒಲೆಯ ದಕ್ಷತೆ ಶೇಕಡಾ 30 ಆದರೆ ಏಳು ಕೆ.ಜಿ. ಸಾಕು. ಮೊದಲು ಒಲೆ ಸರಿಮಾಡಬೇಕು, ವಿದ್ಯುತ್ತು ಆಮೇಲೆ. ಇದಕ್ಕೆ ದೂರ ಹೋಗಬೇಕಾಗಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಕೇಂದ್ರವು ನಮ್ಮ ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಕೆಲಸ ಮಾಡಿ ಸೌದೆ ಉಳಿಸುವ ಅಸ್ತ್ರ ಒಲೆಯನ್ನು ರೂಪಿಸಿತು. ಗೂಡು, ಗಾಳಿಯ ದಾರಿ, ಹೊಗೆ ಕೊಳವೆ ಸರಿಯಿದ್ದರೆ ಸೌದೆ ಎಷ್ಟು ಉಳಿಯುತ್ತದೆಂಬುದನ್ನು ಅದು ತೋರಿಸಿಕೊಟ್ಟಿತು.

ಸುಗ್ಗಿಯ ದಿನಗಳಲ್ಲಿ ಹಂಡೆಯ ಮುಂದೆ ನಿಲ್ಲುವ ಹೆಣ್ಣುಮಕ್ಕಳ ಕಣ್ಣನ್ನು ಚೇಣಿದಾರರೂ ಬೆಳೆಗಾರರೂ ಒಮ್ಮೆ ನೋಡಬೇಕು. ಸಂಜೆಗೆ ಕೆಂಪಾಗಿ ನೀರು ಸುರಿಯುತ್ತಿರುತ್ತದೆ. ಲೆಕ್ಕದ ಪುಸ್ತಕದಲ್ಲಿ ಹೊಗೆಗೆ ಕಾಲಮ್ಮಿಲ್ಲ. ಆದರೆ ಅದರ ಖರ್ಚನ್ನು ಯಾರೋ ಭರಿಸುತ್ತಿದ್ದಾರೆ. ಒಲೆ ಸರಿಮಾಡಿದ ಮೇಲೆ, ನೀರನ್ನು 60 ಡಿಗ್ರಿಯವರೆಗೆ ಬಿಸಿಲಿನಿಂದಲೋ ಶಾಖದ ಪಂಪಿನಿಂದಲೋ ಕಾಯಿಸಿ, ಉಳಿದದ್ದನ್ನು ಸೌದೆಗೆ ಬಿಟ್ಟರೆ ಕುದಿಗೆ ತರುವ ಶಾಖದಲ್ಲಿ ಸುಮಾರು ಅರ್ಧದಷ್ಟು ಉಳಿಯುತ್ತದೆ.

ರಿಪೇರಿ, ಸಾಲ, ನಂಬಿಕೆ

ಐದನೆಯ ಅಡ್ಡಿ ರಿಪೇರಿ. ಪಂಪ್‌ಸೆಟ್ಟು ನಮ್ಮ ಸೀಮೆಯಲ್ಲಿ ನೆಲೆ ನಿಂತದ್ದು ಕೊಂಡ ದಿನವಲ್ಲ. ಮೋಟಾರು ಸುಟ್ಟರೆ ಸಂಜೆಯೊಳಗೆ ವೈಂಡಿಂಗ್ ಮಾಡಿಕೊಡುವ ಅಂಗಡಿ ಪೇಟೆಯಲ್ಲಿ ತೆರೆದ ದಿನ. ಶಾಖದ ಪಂಪಿಗೂ ಅಂಥವರು ಬೇಕು. ಹಾಲಿನ ಟ್ಯಾಂಕು ರಿಪೇರಿ ಮಾಡುವ ನಮ್ಮ ಹುಡುಗರು ಇದನ್ನು ಬೇಗ ಕಲಿಯಬಲ್ಲರು. ಬಿಡಿಭಾಗ ಎಲ್ಲಿ ದೊರೆಯುತ್ತದೆ, ಮೆಕ್ಯಾನಿಕ್ ಎಷ್ಟು ಗಂಟೆಯೊಳಗೆ ಬರುತ್ತಾನೆ ಎಂಬುದನ್ನು ಬರೆದುಕೊಡದ ಮಾರಾಟಗಾರನಿಂದ ಯಂತ್ರ ಕೊಳ್ಳಬಾರದು.

ಸಾಲದ ವಿಚಾರದಲ್ಲಿ 2020ರಲ್ಲಿ ಆರಂಭವಾದ ಕೃಷಿ ಮೂಲಸೌಕರ್ಯ ನಿಧಿಯು ಕೊಯ್ಲೋತ್ತರ ಕೆಲಸಗಳ ಸಾಲಕ್ಕೆ 2 ಕೋಟಿ ರೂಪಾಯಿವರೆಗೆ ಶೇಕಡಾ 3ರ ಬಡ್ಡಿ ರಿಯಾಯಿತಿ ಗೊತ್ತುಮಾಡಿತು. ಅರ್ಜಿ ಹಾಕುವ ದಿನ ಜಾರಿಯಲ್ಲಿರುವ ನಿಯಮವನ್ನು ಬ್ಯಾಂಕಿನಲ್ಲಿ ಕೇಳಿ ಖಚಿತಪಡಿಸಿಕೊಂಡೇ ಮುಂದುವರಿಯಬೇಕು. ರಿಯಾಯಿತಿ ಇದೆಯೆಂದು ಬೇಡದ ಯಂತ್ರ ಕೊಂಡರೆ ರಿಯಾಯಿತಿ ಮುಗಿದ ಮೇಲೆ ಸಾಲ ಉಳಿಯುತ್ತದೆ.

ಕೊನೆಯ ಅಡ್ಡಿ ನಂಬಿಕೆಯದು. ಯಂತ್ರದಲ್ಲಿ ಒಣಗಿದ ಮಾಲಿಗೆ ಬಣ್ಣವಿಲ್ಲ, ವಾಸನೆಯಿಲ್ಲ ಎಂದು ಮಂಡಿಯವರು ಹೇಳಿದರೆ ಬೆಳೆಗಾರ ಹೆದರುತ್ತಾನೆ. ಇದಕ್ಕೆ ವಾದ ಉತ್ತರವಲ್ಲ, ತೇವದ ಮೀಟರು ಉತ್ತರ. ತೆಂಗಿನ ಪುಡಿಯಲ್ಲಿ ಶೇಕಡಾ 3ಕ್ಕಿಂತ ಹೆಚ್ಚು ತೇವ ಇರಬಾರದು. ತೇವ ಉಳಿದ ಕೊಬ್ಬರಿಯಲ್ಲಿ ಬೂಸಲು ಬೆಳೆದು ಅಫ್ಲಾಟಾಕ್ಸಿನ್ ಎಂಬ ವಿಷ ಸೇರುವ ಭಯವಿದೆ. ಹೊಗೆ ತಾಗದೆ ಸಮನಾಗಿ ಒಣಗಿದ ಮಾಲನ್ನು ಅಳೆದು ತೋರಿಸಿದರೆ ಒಂದೆರಡು ಹಂಗಾಮಿನಲ್ಲಿ ನಂಬಿಕೆ ತಾನಾಗಿ ಬರುತ್ತದೆ.

ನಮ್ಮ ಸೂಚನೆ

ವಿದ್ಯುತ್ತು ಬಂದರೆ ಎಲ್ಲವೂ ಸುಲಭ ಎಂದು ನಾವು ಹೇಳುವುದಿಲ್ಲ. ಪಂಪ್‌ಸೆಟ್ಟಿನಿಂದ ನೀರೆತ್ತುವುದು ಸುಲಭವಾದ ಮೇಲೆ ಎಷ್ಟು ಎತ್ತುತ್ತಿದ್ದೇವೆಂಬ ಲೆಕ್ಕ ಮರೆತೆವು. ಕೊಳವೆಬಾವಿಗಳು ಬತ್ತಿದಾಗ ನೆನಪಾಯಿತು. ಈ ಸಲ ಲೆಕ್ಕವೇ ಮೊದಲಾಗಲಿ. ಉಂಡೆ ಕೊಬ್ಬರಿ ಅಟ್ಟದಲ್ಲಿಯೇ ಇರಲಿ. ಅದಕ್ಕೆ ಯಾವ ಯಂತ್ರವೂ ಬೇಡ. ಬಿಸಿಲಿದ್ದ ದಿನ ಕಣವೇ ಸಾಕು. ಬಿಸಿಲಿಲ್ಲದ ದಿನಕ್ಕೆ, ಅವಸರದ ಮಾಲಿಗೆ ಮಾತ್ರ ಯಂತ್ರ.

ಮುಂದಿನ ಸರ್ವ ಸದಸ್ಯರ ಸಭೆಯಲ್ಲಿ ನಾವು ಮೂರು ವಿಷಯ ಮಂಡಿಸಲಿದ್ದೇವೆ. ಒಂದು, ಸುಡುವ ಚಿಪ್ಪು, ಸೌದೆಯನ್ನು ಇಷ್ಟವುಳ್ಳ ಸದಸ್ಯರು ಒಂದು ತಿಂಗಳು ತೂಕ ಹಾಕಿ ಬರೆದಿಡುವುದು. ಎರಡು, ಆ ಲೆಕ್ಕ ಒಪ್ಪಿದರೆ ಸಂಘದ ವತಿಯಿಂದ ಒಂದೇ ಒಂದು ಸಣ್ಣ ಶಾಖದ ಪಂಪಿನ ಡ್ರೈಯರನ್ನು ಬಾಡಿಗೆಗೆ ತಂದು ಒಂದು ಹಂಗಾಮು ನಡೆಸುವುದು. ಮೂರು, ಕರೆಂಟು ಕೈಕೊಟ್ಟ ದಿನಕ್ಕೆಂದು ಚಿಪ್ಪಿನ ಒಲೆಯನ್ನು ಪಕ್ಕದಲ್ಲಿಯೇ ಸಿದ್ಧವಾಗಿ ಇಟ್ಟುಕೊಳ್ಳುವುದು. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯವರು ಚಿಪ್ಪು ಸುಡುವ ಡ್ರೈಯರುಗಳನ್ನು ರೂಪಿಸಿದ್ದಾರೆ. ಹೊಸದಕ್ಕಾಗಿ ಅದನ್ನು ಕೈಬಿಡಬೇಕಾಗಿಲ್ಲ.

ಕೆಟ್ಟ ಮೇಲೆ ಬುದ್ಧಿ ಬಂತು ಎಂಬ ಗಾದೆ ನಮ್ಮ ಮಟ್ಟಿಗೆ ನಿಜವಾಗಿದೆ. ಹಳೆಯ ಡ್ರೈಯರ್ ಇನ್ನೂ ಗೋದಾಮಿನ ಮೂಲೆಯಲ್ಲಿದೆ. ಅದನ್ನು ಗುಜರಿಗೆ ಹಾಕೋಣವೆಂದು ನಿರ್ದೇಶಕರು ಹಲವು ಸಲ ಹೇಳಿದ್ದಾರೆ. ಹೊಸ ಯಂತ್ರದ ಲೆಕ್ಕ ಪಾಸಾಗುವವರೆಗೆ ಅದು ಅಲ್ಲಿಯೇ ಇರಲಿ ಎಂದು ನಾವು ಕೇಳಿಕೊಂಡಿದ್ದೇವೆ. ಸಭೆಗೆ ಬರುವವರು ಒಮ್ಮೆ ಅದನ್ನು ನೋಡಿಯೇ ಒಳಗೆ ಬರಬೇಕೆಂದು, ಬರುವಾಗ ತಮ್ಮ ಚಿಪ್ಪಿನ ತೂಕದ ಚೀಟಿ ಮತ್ತು ಕರೆಂಟಿನ ಬಿಲ್ಲನ್ನು ತಪ್ಪದೆ ತರಬೇಕೆಂದು ವಿನಂತಿ.